ಕೊನೆಯವರು ದಾಟುವವರೆಗೆ

ಶವವಾಹನ ಗಕ್ಕನೆ ನಿಂತದ್ದೇ ಸೊಸೆ ಮುಂದಕ್ಕೆ ಮುಗ್ಗರಿಸಿ, ಎರಡೂ ಕೈಯಿಂದ ಅತ್ತೆ ಮಲಗಿದ್ದ ಪೆಟ್ಟಿಗೆಯನ್ನು ಹಿಡಿದುಕೊಂಡಳು. ಎದುರಿಗೆ ಕೂತಿದ್ದ ಚಿಕ್ಕಮ್ಮನ ಮಡಿಲಿಂದ ಹೂವಿನ ಬುಟ್ಟಿ ಜಾರಿ ಉರುಳಿತು.

"ಏನಪ್ಪಾ ಇದು, ನಮ್ಮನ್ನೂ ಜೊತೆಗೇ ಕಳಿಸ್ಬಿಡ್ತೀಯಾ?" ಎಂದು ಚಿಕ್ಕಮ್ಮ ರೇಗಿದಳು. ಆಕೆ ಅತ್ತೆಯ ಒಡಹುಟ್ಟಿದ ತಂಗಿ. ನಿನ್ನೆಯಿಂದ ಅತ್ತೂ ಅತ್ತೂ ಕಣ್ಣು ಊದಿದ್ದರೂ ನಾಲಿಗೆ ಮಾತ್ರ ಎಂದಿನಂತೆಯೇ ಇತ್ತು.

"ರಸ್ತೆ ಮುಚ್ಚಿದಾರಮ್ಮ" ಎಂದ ಚಾಲಕ.

ಚಾಲಕನ ಪಕ್ಕ ಕೂತಿದ್ದ ಸೊಸೆಯ ಗಂಡ ಬಾಗಿಲು ತೆಗೆದು ಇಳಿದ. ಸೊಸೆ ಕಿಟಕಿಯ ಪರದೆ ಸರಿಸಿ ನೋಡಿದಳು. ತಿರುವಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಹಗ್ಗದಾಚೆ ದೊಡ್ಡ ರಸ್ತೆಯಲ್ಲಿ ಎದೆಯ ಮೇಲೆ ನಂಬರು ಅಂಟಿಸಿಕೊಂಡ ಜನ ಓಡುತ್ತಿದ್ದರು. ಇವತ್ತು ಓಟ ಇರುವುದು ಅವಳಿಗೆ ಗೊತ್ತಿತ್ತು. ಮನೆಯ ಬೀರುವಿನಲ್ಲಿ ಅತ್ತೆಯ ನಂಬರೂ ಅವಳ ನಂಬರೂ ಒಂದರ ಮೇಲೊಂದು ಇದ್ದವು. ಆದರೆ ನಿನ್ನೆಯ ಗಡಿಬಿಡಿಯಲ್ಲಿ ಯಾವ ರಸ್ತೆ ಮುಚ್ಚುತ್ತಾರೆ, ಯಾವುದು ತೆರೆದಿರುತ್ತೆ ಎನ್ನುವುದು ಯಾರ ತಲೆಗೆ ಹೊಳೆಯಬೇಕು?

ಹಗ್ಗದ ಬಳಿ ನಿಂತಿದ್ದ ಪೊಲೀಸ್ ಹೆಂಗಸಿನ ಜೊತೆ ಗಂಡ ಮಾತಾಡುವುದು ಕೇಳಿಸುತ್ತಿತ್ತು.

"ಕೊನೆಯವರು ದಾಟೋವರೆಗೂ ಯಾವ ಗಾಡೀನೂ ಬಿಡೋ ಹಾಗಿಲ್ಲ ಸರ್. ಆಂಬುಲೆನ್ಸ್ ಆದ್ರೆ ಮಾತ್ರ."

"ಇದೂ ಹೆಚ್ಚುಕಮ್ಮಿ ಅದೇ ಅಲ್ವಾ ಮೇಡಂ?"

"ಅದಕ್ಕೆ ಅವಸರ ಇರುತ್ತಲ್ವಾ..." ಎಂದವಳೇ ಆಕೆ ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳ್ಕೋಬೇಡಿ. ಬಾಯಿ ತಪ್ಪಿ ಬಂತು."

"ನಮಗೂ ಅವಸರ ಇದೆ. ಭಾನುವಾರ ಚಿತಾಗಾರ ಮಧ್ಯಾಹ್ನಕ್ಕೇ ಮುಚ್ತಾರೆ. ತಪ್ಪಿದ್ರೆ ನಾಳೆ."

"ಸುತ್ತುದಾರೀನೂ ಇಲ್ಲ ಸರ್, ಎಲ್ಲಾ ಕಡೆ ಇದೇ ಓಟ. ಸ್ವಲ್ಪ ಹೊತ್ತು ತಾಳ್ಕೊಳ್ಳಿ."

ಗಂಡ ಹಿಂದಿನ ಬಾಗಿಲು ತೆರೆದು ಒಳಗೆ ಇಣುಕಿದ. ಲಿಫ್ಟ್ ರಿಪೇರಿ ಮಾಡುವವನು, ಸಿಕ್ಕಿಹಾಕಿಕೊಂಡವರನ್ನು ಸಮಾಧಾನ ಮಾಡುವುದು ಅವನಿಗೆ ದಿನನಿತ್ಯದ ಕೆಲಸ. ಇವತ್ತು ಸಿಕ್ಕಿಹಾಕಿಕೊಂಡವನು ಅವನೇ.

"ಇದೇ ಓಟಾನಾ?" ಎಂದಳು ಚಿಕ್ಕಮ್ಮ. "ಇದೇ ತಾನೆ ನಮ್ಮಕ್ಕನ್ನ ತಿಂದಿದ್ದು?"

"ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ವಾ ಚಿಕ್ಕಮ್ಮ? ತಲೆಯೊಳಗಿನ ನರ ಒಡೆದಿದ್ದು. ಓಡ್ತಿದ್ರೂ ಒಡೀತಿತ್ತು, ಕೂತಿದ್ರೂ ಒಡೀತಿತ್ತು" ಎಂದ ಗಂಡ.

"ಕೂತಿದ್ರೆ ಸುಖವಾಗಿ ಕೂತ್ಕೊಂಡಾದ್ರೂ ಸಾಯ್ತಿದ್ಲು" ಎಂದು ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೊಸೆ ಪೆಟ್ಟಿಗೆಯಲ್ಲಿ ಅತ್ತೆಗೆ ಹೊದಿಸಿದ್ದ ಬಿಳಿ ಹೊದಿಕೆಯ ಅಂಚನ್ನು ಸರಿಮಾಡಿದಳು. ಬೆಳಿಗ್ಗೆ ಲಾಂಡ್ರಿಯ ಹೆಂಗಸರು ತಂದು ಹೊದಿಸಿದ್ದು ಅದು. ಒಂದು ಸುಕ್ಕಿರಲಿಲ್ಲ.

*

ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವೆಲ್ಲಾ ನಿಂತೇ ದುಡಿದವರು. ಒಗೆದ ಹಾಸುಹೊದಿಕೆಗಳನ್ನು ಇಸ್ತ್ರಿ ಮಾಡುವ ಬಿಸಿ ಉರುಳೆಗಳ ಯಂತ್ರದೊಳಗೆ ಬಿಡುವುದು ಅವರ ಕೆಲಸ. ಕೂತರೆ ಬಟ್ಟೆ ಅಡ್ಡಡ್ಡ ಹೋಗುತ್ತದೆ, ಆದ್ದರಿಂದ ಅಲ್ಲಿ ಯಾರೂ ಕೂರುವಂತಿರಲಿಲ್ಲ. ನಿವೃತ್ತಿಯಾದ ದಿನ ಎಲ್ಲರೂ ಸೇರಿ ಒಂದು ಮೆತ್ತನೆಯ ಕುರ್ಚಿ ಕೊಟ್ಟರು. ಆ ಕುರ್ಚಿಯೇ ಅವರಿಗೆ ಮುಳುವಾಯಿತು. ಆರು ತಿಂಗಳಲ್ಲಿ ಮಂಡಿ ಹಿಡಿದುಕೊಂಡಿತು, ಪಾದ ಊದಿತು, ಮುಖದ ಕಳೆ ಹೋಯಿತು.

ಒಂದು ಸಂಜೆ ತರಕಾರಿ ಚೀಲ ಹಿಡಿದು ನಿಲ್ದಾಣ ಮುಟ್ಟುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು. ಅತ್ತೆ ಓಡಿದರು. ಹಾಗೆ ಓಡಿ ಎಷ್ಟು ವರ್ಷವಾಗಿತ್ತೋ. ಕಂಡಕ್ಟರ್ ಕೈಕೊಟ್ಟು ಎಳೆದುಕೊಂಡ. ಸೀಟಿನಲ್ಲಿ ಕೂತು ಏದುಸಿರು ಬಿಡುತ್ತಾ ಅವರು ನಗತೊಡಗಿದರು. ನಗು ನಿಲ್ಲದ್ದನ್ನು ಕಂಡು ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳಂತೆ.

ಮರುದಿನ ಅದೇ ನಿಲ್ದಾಣ, ಅದೇ ಬಸ್ಸು. ಅತ್ತೆ ಹತ್ತದೆ ನಿಂತರು. ಬಸ್ಸು ಹೊರಟ ಮೇಲೆ ಹಿಂದೆ ಓಡಿದರು.

"ಏನಮ್ಮ, ಹತ್ತೋಕೆ ಬೇಕಾದಷ್ಟು ಹೊತ್ತಿತ್ತಲ್ಲ?" ಎಂದ ಕಂಡಕ್ಟರ್.

"ಹತ್ತೋಕಲ್ಲಪ್ಪ, ಓಡೋಕೆ!"

ಆಮೇಲೆ ಬಸ್ಸು ಬಿಟ್ಟು ಮೈದಾನ ಹಿಡಿದರು. ಅಲ್ಲಿ ಬೆಳಗಿನ ಹೊತ್ತು ಒಂದು ಓಟದ ಗುಂಪು ಸೇರುತ್ತಿತ್ತು. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದ ಒಬ್ಬರು ಕೊರಳಲ್ಲಿ ಸೀಟಿ ಕಟ್ಟಿಕೊಂಡು ಎಲ್ಲರನ್ನೂ ಓಡಿಸುತ್ತಿದ್ದರು. ಅವರನ್ನು ಸೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಓಡುವ ಪ್ಯಾಂಟಿಗೂ ಇಸ್ತ್ರಿ ಹಾಕಿ ಗೆರೆ ಕೂರಿಸಿಕೊಂಡು ಬರುತ್ತಿದ್ದ ಅತ್ತೆಗೆ ಮೊದಲ ವಾರದಲ್ಲೇ 'ಇಸ್ತ್ರಿ ಅಕ್ಕ' ಎಂದು ಹೆಸರು ಬಿತ್ತು.

ಮೊದಲ ಓಟದಲ್ಲಿ ಅತ್ತೆ ಹುರುಪಿನಿಂದ ಹುಡುಗರ ಜೊತೆ ನುಗ್ಗಿ, ಅರ್ಧ ದಾರಿಗೂ ಮೊದಲೇ ಪಕ್ಕೆ ಹಿಡಿದುಕೊಂಡು ಕೂತರು. ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡರು. ಎದ್ದು ನಡೆದರು, ಮತ್ತೆ ಓಡಿದರು. ಗುರಿ ಮುಟ್ಟುವಷ್ಟರಲ್ಲಿ ಕೆಲಸದವರು ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದರು. ಪದಕದ ಡಬ್ಬಕ್ಕೆ ಟೇಪು ಅಂಟಿಸುತ್ತಿದ್ದವನು ಟೇಪು ಕಿತ್ತು ಇವರಿಗೊಂದು ಕೊಟ್ಟ. ಮನೆಗೆ ಬಂದು ಅದನ್ನು ಕೊರಳಲ್ಲಿ ಹಾಕಿಕೊಂಡೇ ಈರುಳ್ಳಿ ಹೆಚ್ಚಿದರು.

"ಎಷ್ಟನೆಯವಳಾಗಿ ಬಂದೆ?" ಎಂದು ಮಗ ಕೇಳಿದ.

"ಮುಗಿಸ್ದೆ."

"ಅದಲ್ಲಮ್ಮಾ, ಎಷ್ಟನೇ..."

"ಮುಗಿಸ್ದೆ ಅಂದ್ನಲ್ಲೋ!"

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಕುಹಕವೇನಿರಲಿಲ್ಲ. ಆದರೆ ಅಮ್ಮ ಓಡುವುದು ಅವನಿಗೆ ಅಂದಿನಿಂದಲೂ ಒಂದು ನಗೆಚಾಟಿಕೆಯ ವಿಷಯವಾಗಿಯೇ ಉಳಿಯಿತು. ನೋಡಲು ಅವನು ಒಮ್ಮೆಯೂ ಹೋಗಲಿಲ್ಲ.

*

ಸೊಸೆ ಓಡಲು ಶುರುಮಾಡಿದ್ದು ಬೇರೆ ಕಾರಣಕ್ಕೆ.

ಮೂರು ವರ್ಷದ ಹಿಂದೆ, ಹೊಟ್ಟೆಯಲ್ಲಿ ಒದೆಯುತ್ತಿದ್ದ ಮಗು ಒದೆಯುವುದನ್ನು ನಿಲ್ಲಿಸಿಬಿಟ್ಟಿತು. ಆಸ್ಪತ್ರೆಯಿಂದ ಬಂದವಳು ಗೋಡೆಯ ಕಡೆ ಮುಖಮಾಡಿ ಮಲಗಿದಳು. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಲಿಲ್ಲ, ತಲೆ ಬಾಚಲಿಲ್ಲ. ನೋಡಲು ಬಂದವರೆಲ್ಲಾ ಒಂದೇ ಮಾತು, ಇನ್ನೊಂದಾಗುತ್ತೆ ಬಿಡು. ಗಂಡ ಹಾಸಿಗೆಯ ಪಕ್ಕ ಕೂತು ಕೈ ಹಿಡಿದುಕೊಂಡಿರುತ್ತಿದ್ದ. ಅವನ ಕೈಯೂ ತಣ್ಣಗಿರುತ್ತಿತ್ತು.

ಅತ್ತೆ ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಂದು ಬೆಳಿಗ್ಗೆ ಬಂದು ಮಂಚದ ಅಂಚಿಗೆ ಕೂತು ಶೂ ಹಾಕಿದ ಕಾಲು ಮುಂದೆ ಚಾಚಿದರು.

"ಸೊಂಟ ಹಿಡ್ಕೊಂಡಿದೆ ಕಣೇ, ಬಗ್ಗೋಕಾಗ್ತಿಲ್ಲ. ಲೇಸ್ ಕಟ್ಟಿಕೊಡು."

ಸೊಸೆ ಎದ್ದು ಕಟ್ಟಿಕೊಟ್ಟಳು.

"ಕೆಳಗಡೆವರೆಗೂ ಬಾ. ದಾರೀಲಿ ಬಿಚ್ಚಿಹೋದ್ರೆ ಯಾರು ಕಟ್ಟೋರು?"

ಮರುದಿನವೂ ಅದೇ ಆಯಿತು. ಅದರ ಮರುದಿನ ಸೊಸೆ ಕಿಟಕಿಯಿಂದ ನೋಡುತ್ತಿದ್ದಾಗ, ಅತ್ತೆ ಅಂಗಳದಲ್ಲಿ ಬಿದ್ದ ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಗ್ಗಿ ಬಗ್ಗಿ ಹೆಕ್ಕುತ್ತಿದ್ದರು. ಸೊಂಟಕ್ಕೆ ಏನೂ ಆಗಿರಲಿಲ್ಲ. ನಾಲ್ಕನೇ ದಿನ ಸೊಸೆ ತಾನೂ ಚಪ್ಪಲಿ ಬಿಟ್ಟು ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಇಳಿದಳು.

"ಅವಸರ ಬೇಡ" ಎಂದರು ಅತ್ತೆ. "ಹೊದಿಕೇನ ಒಂದೇ ಸಲ ತುರುಕಿದ್ರೆ ಯಂತ್ರದಲ್ಲಿ ಸುಕ್ಕಾಗುತ್ತೆ. ನಿಧಾನಕ್ಕೆ ಬಿಡ್ತಾ ಹೋದ್ರೆ ಎಷ್ಟು ಉದ್ದ ಇದ್ರೂ ಆಚೆ ಕಡೆ ಬಂದೇ ಬರುತ್ತೆ."

ಒಂದು ದಿನ ಓಡುತ್ತಿರುವಾಗಲೇ ಸೊಸೆಗೆ ಅಳು ಒತ್ತರಿಸಿ ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ. ಬಿಕ್ಕುತ್ತಲೇ ಓಡಿದಳು. ಅತ್ತೆ ತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ.

"ಅಳು. ಆದ್ರೆ ಉಸಿರು ಬಾಯಿಂದ ತಗೋ" ಎಂದರು, ಅಷ್ಟೇ.

ಆಮೇಲೆ ಇಬ್ಬರೂ ಜೊತೆಯಾಗಿ ಎಷ್ಟೋ ಓಟ ಓಡಿದರು. ಕಾಲ್ಬೆರಳ ಉಗುರು ಕಪ್ಪಾಗಿ ಉದುರಿತು. ಬಿಸಿಲಿಗೆ ಮೂಗಿನ ಚರ್ಮ ಸುಲಿಯಿತು. ಒಂದು ಸಲ ದಾರಿ ತಪ್ಪಿ, ಓಟದ ನಂಬರು ಎದೆಯ ಮೇಲಿಟ್ಟುಕೊಂಡೇ ಯಾರದೋ ಮದುವೆ ಮೆರವಣಿಗೆಯೊಳಗೆ ಸೇರಿಬಿಟ್ಟಿದ್ದರು. ಪ್ರತಿ ಸಲವೂ ಕೊನೆಯ ಹತ್ತು ಮಂದಿಯಲ್ಲಿ ಇಬ್ಬರೂ ಇರುತ್ತಿದ್ದರು. ಸೊಸೆ ಮತ್ತೆ ಅಂಗಡಿಗೆ ಹೋಗತೊಡಗಿದ್ದಳು. ಈಗೀಗ ರಾತ್ರಿ ನಿದ್ದೆಯೂ ಬರುತ್ತಿತ್ತು.

*

ಗಂಡ ಬಾಗಿಲಿಗೊರಗಿ ಓಡುವವರನ್ನೇ ನೋಡುತ್ತಾ ನಿಂತಿದ್ದ.

"ಇವ್ರಲ್ಲಿ ಅಮ್ಮ ಎಲ್ಲಿರ್ತಿದ್ಲು?" ಎಂದು ಹೆಂಡತಿಯನ್ನು ಕೇಳಿದ.

ಸೊಸೆ ಕೆಳಗಿಳಿದು ಅವನ ಪಕ್ಕ ನಿಂತಳು. "ಇವ್ರೆಲ್ಲ ಜೋರಾಗಿ ಓಡೋರು ರೀ. ನಾವಿರ್ತಿದ್ದಿದ್ದು ಇನ್ನೂ ಹಿಂದೆ."

ತೆಳ್ಳನೆಯವರು, ಗಡಿಯಾರ ನೋಡುತ್ತಾ ಓಡುವವರು ಎಲ್ಲಾ ಹೋದರು. ಜನ ವಿರಳವಾಯಿತು.

"ಇವ್ರ ಜೊತೇನಾ?"

"ಇನ್ನೂ ಹಿಂದೆ."

ಮೈದಾನದ ಗುಂಪಿನ ನಾಲ್ಕೈದು ಜನ ಬಂದರು. ಮುಂದೆ ಸೀಟಿ ಮೇಷ್ಟ್ರು. ನಿನ್ನೆ ಮನೆಗೆ ಬಂದಾಗ ಇವರೇ, ನಾಳೆ ಓಡೋದೋ ಬೇಡವೋ ಎಂದು ಸಂಕೋಚದಿಂದ ಕೇಳಿದ್ದರು. ಓಡಿ ಎಂದು ಸೊಸೆಯೇ ಹೇಳಿದ್ದಳು. ಮೇಷ್ಟ್ರು ವಾಹನ ಕಂಡು ಹಗ್ಗದಡಿ ನುಸುಳಿ ಬಂದು, ಪೆಟ್ಟಿಗೆಯ ಮೇಲೆ ಬೆವರಿದ ಅಂಗೈ ಇಟ್ಟು ನಿಂತರು.

ಒಳಗಿದ್ದ ಚಿಕ್ಕಮ್ಮ ಅವರನ್ನು ಒಂದು ಕ್ಷಣ ದಿಟ್ಟಿಸಿದಳು. "ಹೋಗಿ ಹೋಗಿ" ಎಂದು ಗದರಿದಳು. "ಇಲ್ಲಿ ನಿಂತ್ರೆ ನಿಮಗೆ ತಡ ಆಗಲ್ವಾ? ಅವಳಿದ್ದಿದ್ರೆ ಬೈತಿದ್ಲು."

ಮೇಷ್ಟ್ರು ಕಣ್ಣೊರೆಸಿಕೊಂಡು ಓಡಿದರು.

ಆಮೇಲೆ ಒಬ್ಬೊಬ್ಬರೇ ಬಂದರು. ಕೋಲೂರಿಕೊಂಡು ಬಿರುಸಾಗಿ ನಡೆಯುವ ಅಜ್ಜ. ಬಾಣಂತನದ ಮೈ ಇನ್ನೂ ಇಳಿಯದ ತಾಯಿ. ಒಂದು ಹೆಜ್ಜೆ ಓಡಿ ಎರಡು ಹೆಜ್ಜೆ ನಡೆಯುವ, ಆದರೂ ಮುಖ ಅರಳಿಸಿಕೊಂಡ ಒಬ್ಬ ಹೆಂಗಸು. ಗಂಡ ಆಕೆ ಮರೆಯಾಗುವವರೆಗೂ ಕಣ್ಣು ಕೀಳಲಿಲ್ಲ.

"ಇಲ್ಲಿ" ಎಂದಳು ಸೊಸೆ. "ಅತ್ತೆ ಇರ್ತಿದ್ದಿದ್ದು ಇಲ್ಲೇ."

"ಇವ್ರೆಲ್ಲ ನಗ್ತಾ ಇದಾರಲ್ಲೇ" ಎಂದ ಅವನು. ನಿನ್ನೆಯಿಂದ ಅವನು ಅತ್ತಿರಲಿಲ್ಲ. ಈಗ ರಸ್ತೆಯ ಮಧ್ಯೆ, ಪೊಲೀಸ್ ಹೆಂಗಸಿನ ಎದುರಿಗೇ ಅತ್ತ. ಆಕೆ ಬೇರೆ ಕಡೆ ಮುಖ ತಿರುಗಿಸಿದಳು.

ಎಲ್ಲರಿಗಿಂತ ಕೊನೆಗೆ ಒಬ್ಬ ದಡೂತಿ ಮನುಷ್ಯ ಬಂದ. ಅಂಗಿಯೆಲ್ಲಾ ಒದ್ದೆ. ಅವನ ಹಿಂದೆ, ಓಡಲಾಗದವರನ್ನು ಹತ್ತಿಸಿಕೊಳ್ಳುವ ಸಣ್ಣ ಬಸ್ಸೊಂದು ತೆವಳುತ್ತಿತ್ತು. ಸರಿಯಾಗಿ ತಿರುವಿಗೆ ಬಂದು ಅವನು ಮಂಡಿಯ ಮೇಲೆ ಕೈಯೂರಿ ನಿಂತುಬಿಟ್ಟ. ಬಸ್ಸಿನ ಬಾಗಿಲು ತೆರೆದುಕೊಂಡಿತು. ಪೊಲೀಸ್ ಹೆಂಗಸು ಹಗ್ಗದ ಗಂಟಿಗೆ ಕೈಹಾಕಿದಳು.

ಗಂಡ ಹಗ್ಗ ದಾಟಿ ಅವನ ಹತ್ತಿರ ಹೋದ.

"ಯಾಕ್ ಸರ್ ನಿಂತ್ರಿ?"

"ಆಗಲ್ಲ ಸರ್. ಕಾಲು ಹಿಡ್ಕೊಂಡಿದೆ." ಆ ಮನುಷ್ಯ ಶವವಾಹನದ ಕಡೆ ನೋಡಿ ಕುಗ್ಗಿಹೋದ. "ಅಯ್ಯೋ, ನನ್ನಿಂದ ನಿಮಗೆ ಬೇರೆ ತಡ ಆಯ್ತಾ? ನೀವು ಹೋಗಿ, ನಾನು ಬಸ್ ಹತ್ತಿಬಿಡ್ತೀನಿ."

"ನಮಗೇನೂ ಅವಸರ ಇಲ್ಲ" ಎಂದ ಗಂಡ. ಕಣ್ಣೊರೆಸಿಕೊಂಡ. "ಒಳಗಿರೋದು ನಮ್ಮಮ್ಮ. ಇವತ್ತು ಇಲ್ಲೇ ಓಡ್ಬೇಕಿತ್ತು. ಅವ್ರು ಓಡಿದ್ದಿದ್ರೆ ನೀವು ಕೊನೆಯವರಾಗ್ತಿರ್ಲಿಲ್ಲ, ನಿಮ್ಮ ಹಿಂದೆ ಅವ್ರು ಇರ್ತಿದ್ರು."

ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿದ.

"ನಾನೂ ಬರ್ತೀನಿ, ನಡೀರಿ" ಎಂದ ಗಂಡ. "ನಂಗೆ ಓಡೋಕೆ ಬರಲ್ಲ. ನೀವೇ ಹೇಳಿಕೊಡಿ."

ಇಬ್ಬರೂ ಹೊರಟರು. ಪೊಲೀಸ್ ಹೆಂಗಸು ಬಸ್ಸಿಗೆ ಪಕ್ಕಕ್ಕೆ ನಿಲ್ಲಲು ಕೈಮಾಡಿ, ಹಗ್ಗ ಬಿಚ್ಚಿ ಚಾಲಕನ ಬಳಿ ಬಂದಳು. "ಚಿತಾಗಾರದ ರಸ್ತೆವರೆಗೂ ಇದೇ ದಾರಿ. ಅವ್ರ ಹಿಂದೇನೇ ಹೋಗಿ. ಹಾರ್ನ್ ಹೊಡೀಬೇಡಿ. ಚಿತಾಗಾರಕ್ಕೆ ನಾನು ಫೋನ್ ಮಾಡಿ ಹೇಳ್ತೀನಿ, ಕಾಯ್ತಾರೆ."

ಸೊಸೆ ಈಗ ಮುಂದಿನ ಸೀಟಿಗೆ ಹತ್ತಿ ಕೂತಳು. ಚಾಲಕ ಮೊದಲನೇ ಗೇರು ಹಾಕಿದ. "ಇಷ್ಟು ನಿಧಾನಕ್ಕೆ ಯಾವತ್ತೂ ಓಡ್ಸಿಲ್ಲಮ್ಮ" ಎಂದು ಗೊಣಗಿದರೂ ಕಾಲು ಮಾತ್ರ ಹಗುರವಾಗಿಯೇ ಇಟ್ಟಿದ್ದ. ಮುಂದೆ ಗಂಡನ ಚರ್ಮದ ಬೂಟು ಟಪಟಪ ಸದ್ದು ಮಾಡುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಪ್ಯಾಂಟಿನಿಂದ ಈಚೆ ಬಂದು ಹಾರಾಡುತ್ತಿತ್ತು.

"ಕೈ ಯಾಕೆ ಹಾಗೆ ಬೀಸ್ತಾನೆ ನೋಡು, ಥೇಟ್ ಅಕ್ಕನ ಹಾಗೇ" ಎಂದಳು ಹಿಂದಿನಿಂದ ಚಿಕ್ಕಮ್ಮ. ಅವಳು ಪರದೆಯನ್ನು ಪೂರ್ತಿ ಸರಿಸಿಬಿಟ್ಟಿದ್ದಳು.

ರಸ್ತೆಯ ಎರಡೂ ಬದಿಯ ಜನ ಕೊನೆಯ ಓಟಗಾರನಿಗೆ ಚಪ್ಪಾಳೆ ತಟ್ಟಿದರು. ಹಿಂದೆ ಬರುತ್ತಿದ್ದ ವಾಹನ ಕಂಡಾಗ ಕೆಲವರ ಕೈ ಗಾಳಿಯಲ್ಲೇ ನಿಂತಿತು. ಒಂದು ಮಹಡಿಯ ಮೇಲಿಂದ ಯಾರೋ ತಟ್ಟುವುದನ್ನು ನಿಲ್ಲಿಸಲಿಲ್ಲ. ನಿಂತ ಕೈಗಳೂ ಮೆಲ್ಲಗೆ ಮತ್ತೆ ಶುರುಮಾಡಿದವು.

ನೀರಿನ ಮೇಜಿನ ಬಳಿ ಬೋಳುತಲೆಯವನೊಬ್ಬ ಎಲ್ಲಾ ಕಟ್ಟಿಡುತ್ತಿದ್ದ. ಓಡಿ ಬಂದ ಇಬ್ಬರಿಗೂ ಒಂದೊಂದು ಲೋಟ ಕೊಟ್ಟ. ಬೆಳಿಗ್ಗೆಯಿಂದ ಬಂದವರಿಗೆಲ್ಲಾ ಕೊಟ್ಟು ಕೊಟ್ಟು ರೂಢಿಯಾಗಿತ್ತೋ ಏನೋ, ವಾಹನ ಪಕ್ಕಕ್ಕೆ ಬಂದಾಗ ಅದರ ಕಿಟಕಿಗೂ ಒಂದು ಲೋಟ ಹಿಡಿದ. ಹಿಡಿದ ಮೇಲೆ ಗಾಬರಿಯಾದ. ಆದರೆ ಕೈ ಹಿಂದಕ್ಕೆ ತೆಗೆಯಲಿಲ್ಲ.

ನಿನ್ನೆಯಿಂದ ಸೊಸೆಯ ಗಂಟಲಲ್ಲಿ ಹನಿ ನೀರು ಇಳಿದಿರಲಿಲ್ಲ. ಅವಳು ಕೈ ಹೊರಚಾಚಿ ಲೋಟ ತೆಗೆದುಕೊಂಡಳು. ವಾಹನ ನಿಲ್ಲಲಿಲ್ಲ. ಕುಲುಕಾಟಕ್ಕೆ ಅರ್ಧ ನೀರು ಚೆಲ್ಲಿ ಅವಳ ಗಲ್ಲ, ಕೊರಳು, ಎದೆಯೆಲ್ಲಾ ಒದ್ದೆಯಾಯಿತು. ಉಳಿದದ್ದನ್ನು ಅವಳು ಒಂದೇ ಗುಟುಕಿಗೆ ಕುಡಿದಳು.