ಭರಮಣ್ಣನ ತಂಬೋಲಾ

ಪಂಪೇಶ್ ಕಂಪ್ಯೂಟರಿನ ಗುಂಡಿ ಒತ್ತಿದರು. ಫ್ಯಾನ್ ತಿರುಗಿತು, ಹಸಿರು ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಡಬ್ಬದ ಒಳಗಿಂದ ಒಂದು ಉದ್ದನೆಯ ಬೀಪ್, ಅದರ ಹಿಂದೆಯೇ ಎರಡು ಗಿಡ್ಡ ಬೀಪ್ ಕೇಳಿಸಿದವು.

"ಮತ್ತ ಅದ ರಾಗ," ಎಂದರು ಅಡುಗೆಮನೆಯಿಂದ ಹೆಂಡತಿ ರೇಣುಕಮ್ಮ. "ಜಲ್ದಿ ಸ್ನಾನ ಮಾಡ್ರಿ. ಹಂಪಕ್ಕ ಕಂಪ್ಲಿ ಬಸ್ ಹತ್ತ್ಯಾಳಂತ."

ಅಂದು ಭಾನುವಾರ. ದೋಣಿಮಲೈ ಕಬ್ಬಿಣದ ಗಣಿಯ ಕ್ವಾರ್ಟರ್ಸಿನಲ್ಲಿ ಹಿಂದೆ ಅಕ್ಕಪಕ್ಕ ಇದ್ದವರೆಲ್ಲ ಮಧ್ಯಾಹ್ನ ಕಡ್ಡಿರಾಂಪುರದ ಜಡೆಪ್ಪನ ಖಾನಾವಳಿಯಲ್ಲಿ ಊಟಕ್ಕೆ ಸೇರುವುದಿತ್ತು. ಊಟದ ನಂತರ ತಂಬೋಲಾ ಆಟ. ಗಣಿಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಹೊಸಪೇಟೆಗೆ ಬಂದು ನೆಲೆಸಿದ್ದ ಪಂಪೇಶ್, ಎಲ್ಲರಿಗೂ ಫೋನ್ ಮಾಡಿ ಒಂದು ಮಾತು ಕೊಟ್ಟಿದ್ದರು: "ಈ ಸಲ ನಂಬರ್ ಕೂಗಾಂವ ಭರಮಣ್ಣನ."

ಭರಮಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಹಂಪಕ್ಕ ಕಂಪ್ಲಿಯಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಹೋದ ವರ್ಷದ ಊಟಕ್ಕೆ ಅವರು ಬಂದಿರಲಿಲ್ಲ. ಈ ಸಲ ಬರಲು ಒಪ್ಪಿದ್ದು ಆ ಮಾತಿನ ಮೇಲೆಯೇ.

ಭರಮಣ್ಣ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವರು. ಕ್ವಾರ್ಟರ್ಸಿನ ಕ್ಲಬ್ಬಿಗೆ ಮೊದಲ ಕಂಪ್ಯೂಟರ್ ಬಂದಾಗ ತಾವೇ ಕುಳಿತು ಕಲಿತು ಅದಕ್ಕೊಂದು ತಂಬೋಲಾ ಪ್ರೋಗ್ರಾಂ ಬರೆದಿದ್ದರು. ಒಂದರಿಂದ ತೊಂಬತ್ತರವರೆಗೆ ಪ್ರತಿ ನಂಬರಿಗೂ ತಮ್ಮ ದನಿಯಲ್ಲಿ ಒಂದೊಂದು ಮಾತು ಸೇರಿಸಿದ್ದರು. ಏಳು ಬಂದರೆ, "ಏಳು, ಏಳ್ರಿ, ಬಸ್ ಹೋತು." ಹನ್ನೊಂದಕ್ಕೆ, "ಕನ್ವೇಯರ್ ಕಂಬ ಎರಡು." ಹದಿನಾಲ್ಕು ಅವರ ಕ್ವಾರ್ಟರ್ಸಿನ ನಂಬರ್. ಅದು ಬಂದರೆ, "ಹದಿನಾಲ್ಕು, ನಮ್ಮನಿ! ಏ ಹಂಪಕ್ಕ, ಚಾ ಇಡು." ಹೆಂಗಸರ ಸಾಲಿನಿಂದ ಹಂಪಕ್ಕ, "ನೀವ ಇಟ್ಕೋರಿ," ಎಂದು ಕೂಗುತ್ತಿದ್ದರು. ಆ ಉತ್ತರಕ್ಕೆಂದೇ ಭರಮಣ್ಣ ರೆಕಾರ್ಡಿಂಗಿನಲ್ಲಿ ತುಸು ಜಾಗ ಬಿಟ್ಟು, ಕೊನೆಗೆ "ಆತು ಬಿಡು, ನಾನ ಇಡ್ತೀನಿ," ಎಂದು ಸೇರಿಸಿದ್ದರು. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಜನ ಆ ನಂಬರಿಗಾಗಿ ಕಾಯುತ್ತಿದ್ದರು. ಅದಿರಿನ ಧೂಳಿಗೆ ಬಿಳಿ ಅಂಗಿ ಸಂಜೆಯೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದ ಊರು ಅದು. ತಂಬೋಲಾ ಚೀಟಿಯ ಮೇಲೂ ಕೆಂಪು ಬೆರಳಚ್ಚು ಬೀಳುತ್ತಿತ್ತು.

ಕ್ಲಬ್ಬಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯದು ಪಂಪೇಶರ ಮನೆ ಸೇರಿತ್ತು. ಹೋದ ತಿಂಗಳು ಅದರ ಮದರ್‌ಬೋರ್ಡ್ ಕೆಟ್ಟಿತು. ಡಿಸ್ಕನ್ನು ಬಿಚ್ಚಿ ಜಡೆಪ್ಪನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದ್ದಾಗಿತ್ತು. ಅಷ್ಟು ಹಳೆಯ ಪ್ರೋಗ್ರಾಂ ಅದರಲ್ಲಿ ನಡೆಯಲಿಲ್ಲ. ಕೊನೆಗೆ ಹೊಸಪೇಟೆಯ ರಿಪೇರಿ ಅಂಗಡಿಯ ಗಾದಿಲಿಂಗ ಅದೇ ಕಾಲದ, ಹೆಚ್ಚುಕಡಿಮೆ ಅದೇ ಮಾದರಿಯ ಇನ್ನೊಂದು ಬೋರ್ಡ್ ಹುಡುಕಿ ಕೊಟ್ಟಿದ್ದ. ಒಂದೇ ವ್ಯತ್ಯಾಸ: ಹಳೆಯ ಬೋರ್ಡಿನಲ್ಲಿ ಪರದೆಯ ತಂತಿ ನೇರವಾಗಿ ಕೂರುತ್ತಿತ್ತು, ಇದಕ್ಕೆ ಬೇರೆ ಡಿಸ್‌ಪ್ಲೇ ಕಾರ್ಡ್ ಬೇಕು. ಅದನ್ನೂ ಅವನೇ ಕೊಟ್ಟಿದ್ದ.

ಪಂಪೇಶ್ ಗಾದಿಲಿಂಗನಿಗೆ ಫೋನ್ ಮಾಡಿದರು.

"ಒಂದು ಉದ್ದ, ಎರಡು ಗಿಡ್ಡ ಅಂದ್ರ ಕಾರ್ಡ್ ಸಿಗವಲ್ದು ಅಂತ ಸರ್. ಬಿಚ್ಚಿ ಮತ್ತ ಒತ್ತಿ ಕುಂದ್ರಸ್ರಿ."

ಒತ್ತಿ ಕೂರಿಸಿದರು. ಪರದೆ ಬೆಳಗಿತು, ಹಳೆಯ ವಿಂಡೋಸಿನ ಹಸಿರು ಗುಡ್ಡ ಕಾಣಿಸಿತು. ಪಂಪೇಶರಿಗೆ ಕೂಗಬೇಕೆನಿಸಿತು. ಕಂಪ್ಯೂಟರ್ ಆಫ್ ಮಾಡಿ, ಕಾರ್ಡು ಅಲುಗದಂತೆ ಅದರ ತಗಡನ್ನು ಡಬ್ಬದ ಅಂಚಿಗೆ ಸ್ಕ್ರೂ ಹಾಕಿ ಬಿಗಿದು, ಮತ್ತೆ ಗುಂಡಿ ಒತ್ತಿದರು. ಒಂದು ಉದ್ದ, ಎರಡು ಗಿಡ್ಡ.

ಸ್ಕ್ರೂ ತೆಗೆದರೆ ಚಿತ್ರ ಬರುತ್ತದೆ, ಹಾಕಿದರೆ ಹೋಗುತ್ತದೆ. ಮೂರು ಸಲವೂ ಹಾಗೆಯೇ ಆಯಿತು.

"ಸ್ಕ್ರೂ ಬ್ಯಾಡ ಬಿಡ್ರಿ," ಎಂದರು ರೇಣುಕಮ್ಮ.

"ಆಟೋದಾಗ ಒಯ್ಯಬೇಕಲೇ. ಆ ರಸ್ತಿಗೆ ಕಾರ್ಡ್ ಉದುರಿ ಕೈಗೆ ಬರ್ತೈತಿ."

ಅಷ್ಟರಲ್ಲಿ ಹಂಪಕ್ಕ ಬಂದರು. ಚೀಲ ಕೆಳಗಿಟ್ಟು, ನೆಲದ ಮೇಲೆ ಬಿಚ್ಚಿಟ್ಟ ಕಂಪ್ಯೂಟರನ್ನೂ ಅದರ ಮುಂದೆ ಬನಿಯನ್ನಿನಲ್ಲೇ ಕುಳಿತ ಪಂಪೇಶರನ್ನೂ ನೋಡಿದರು.

"ಪಂಪೇಶಣ್ಣ, ಇದು ಕೂಗಂಗಿಲ್ಲ ಅಂದ್ರ ಈಗ ಹೇಳ್ರಿ. ಕಂಪ್ಲಿ ಬಸ್ ಇನ್ನೂ ಸ್ಟ್ಯಾಂಡಿನಾಗ ನಿಂತೈತಿ."

ಹಂಪಕ್ಕ ಬಾಗಿ ಒಳಗೆ ನೋಡಿದರು. ಮದರ್‌ಬೋರ್ಡಿನ ಕೆಳಗೆ, ಪ್ರತಿ ಸ್ಕ್ರೂ ಇದ್ದ ಕಡೆ, ಒಂದೊಂದು ಕಪ್ಪು ರಬ್ಬರ್ ಬಿಲ್ಲೆ ಇತ್ತು.

"ಅಯ್ಯ, ಇವು ಇನ್ನೂ ಅದಾವ?"

"ಭರಮಣ್ಣ ಹಾಕಿದ್ದು. ಹಳೇ ಬೋರ್ಡಿನ ಕೆಳಗಿದ್ವು. ಒಂದೂ ಬಿಡದ ಹೊಸದಕ್ಕೂ ಹಾಕೀನಿ."

"ಡಂಪರ್ ಲಾರಿ ಟ್ಯೂಬಿನ ರಬ್ಬರ್ ಇದು. ನನ್ನ ಹೊಲಿಗಿ ಕತ್ತರಿಲೇ ಕತ್ತರಿಸಿದ್ರು. ಆಮ್ಯಾಲ ಆ ಕತ್ತರಿ ಕುಪ್ಪಸದ ಬಟ್ಟಿನೂ ಕಡೀಲಿಲ್ಲ." ಅವರು ಒಂದು ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದರು. "ಗಣಿಯಾಗ ಬ್ಲಾಸ್ಟಿಂಗ್ ಆದಾಗ ನೆಲ ಅದುರ್ತಿತ್ತಲ್ಲ, ಅದಕ್ಕ ಹಾಕಿದ್ದು. ಹೊಸಪ್ಯಾಟಿಯಾಗ ಎಲ್ಲಿ ಬ್ಲಾಸ್ಟಿಂಗ್ ಐತ್ರಿ?"

ಪಂಪೇಶ್ ಬೋರ್ಡನ್ನು ಪಕ್ಕದಿಂದ ನೋಡಿದರು. ಬಿಲ್ಲೆಗಳ ದಪ್ಪದಷ್ಟು ಬೋರ್ಡು ಮೇಲೆದ್ದಿತ್ತು. ಅದರ ಜೊತೆ ಕಾರ್ಡೂ ಮೇಲೆದ್ದಿತ್ತು. ಡಬ್ಬದ ಅಂಚು ಮಾತ್ರ ಇದ್ದಲ್ಲೇ ಇತ್ತು. ಸ್ಕ್ರೂ ಬಿಗಿದಾಗ ಕಾರ್ಡಿನ ಒಂದು ತುದಿ ಕೆಳಗಿಳಿದು ಇನ್ನೊಂದು ತುದಿ ಕಿತ್ತು ಬರುತ್ತಿತ್ತು. ಹಳೆಯ ಬೋರ್ಡಿಗೆ ಕಾರ್ಡೇ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ.

ಕಾರಣ ತಿಳಿದರೂ ಅವರ ಕೈ ಸ್ಕ್ರೂಡ್ರೈವರಿನ ಕಡೆ ಹೋಗಲಿಲ್ಲ.

"ಅವನ ಕೈಲೆ ಹಾಕಿದ್ದು, ಹಂಪಕ್ಕ."

"ಅವರ ದನಿ ಬೇಕೋ, ರಬ್ಬರ್ ಬೇಕೋ? ತೆಗೀರಿ."

ತೆಗೆದರು. ಬಿಲ್ಲೆಗಳ ಕೆಳಗೆ ತಗಡಿನ ಉಬ್ಬುಗಳ ಮೇಲೆ ದುಂಡಗೆ ಕೆಂಪು ಧೂಳು ಉಳಿದಿತ್ತು. ಅದನ್ನು ಒರೆಸದೆ ಅದರ ಮೇಲೆಯೇ ಬೋರ್ಡ್ ಕೂರಿಸಿ, ಕಾರ್ಡಿಗೆ ಸ್ಕ್ರೂ ಬಿಗಿದು ಗುಂಡಿ ಒತ್ತಿದರು. ಒಂದೇ ಒಂದು ಗಿಡ್ಡ ಬೀಪ್. ಪರದೆ ಬೆಳಗಿತು.

ಜಡೆಪ್ಪನ ಖಾನಾವಳಿಯಲ್ಲಿ ಕಂಪ್ಯೂಟರ್ ಇಟ್ಟ ಟೇಬಲ್ ಅಲುಗಾಡುತ್ತಿತ್ತು. ಜಡೆಪ್ಪ ಕಾಗದ ಮಡಚಲು ಹೊರಟಾಗ ಪಂಪೇಶ್ ಜೇಬಿನಿಂದ ಎರಡು ರಬ್ಬರ್ ಬಿಲ್ಲೆ ತೆಗೆದು ಟೇಬಲ್ಲಿನ ಕಾಲಿನ ಕೆಳಗೆ ಇಟ್ಟರು.

"ಜೇಬಿನಾಗ ಇಟ್ಕೊಂಡ್ ಬಂದ್ರ್ಯಾ?" ಎಂದು ಹಂಪಕ್ಕ ನಕ್ಕರು.

ಆಟ ಶುರುವಾಯಿತು. ಭರಮಣ್ಣನ ದನಿ ಸ್ಪೀಕರಿನಿಂದ ಹೊರಟಾಗ ಎಲೆ ಎತ್ತುತ್ತಿದ್ದವರೂ ನಿಂತರು. ಏಳು ಬಂತು, ಹಿಂದೆ ಗಣಿಯ ಬಸ್ ತಪ್ಪಿಸಿಕೊಂಡವರ ಹೆಸರು ಹಿಡಿದು ಜನ ನಕ್ಕರು. ಮೂವತ್ತೆರಡು, ಎಂಬತ್ತು. ಯಾರೋ ಮೊದಲ ಸಾಲು ಗೆದ್ದರು. ಹಂಪಕ್ಕ ತಲೆ ಎತ್ತದೆ ಚೀಟಿಯಲ್ಲಿ ಗೀಟು ಎಳೆಯುತ್ತಿದ್ದರು.

"ಹದಿನಾಲ್ಕು, ನಮ್ಮನಿ! ಏ ಹಂಪಕ್ಕ, ಚಾ ಇಡು."

ಎಲ್ಲರೂ ಬೇರೆ ಕಡೆ ನೋಡಿದರು. ಭರಮಣ್ಣ ಬಿಟ್ಟ ಜಾಗ ಬಹಳ ಚಿಕ್ಕದು, ಯಂತ್ರ ಕಾಯುವುದಿಲ್ಲ ಎಂದು ಪಂಪೇಶರಿಗೆ ಗೊತ್ತಿತ್ತು.

"ತಡೀರಿ, ಇಡ್ತೀನಿ," ಎಂದರು ಹಂಪಕ್ಕ.

"ಆತು ಬಿಡು, ನಾನ ಇಡ್ತೀನಿ," ಎಂದಿತು ದನಿ.

ಹಂಪಕ್ಕ ಹದಿನಾಲ್ಕರ ಮೇಲೆ ಗೀಟು ಎಳೆದು, ಮುಂದಿನ ನಂಬರ್ ಒತ್ತುವಂತೆ ಪಂಪೇಶರಿಗೆ ಕೈ ಮಾಡಿದರು.