ಇಪ್ಪತ್ನಾಲ್ಕು ಸಾಕೇ, ಅರವತ್ತೊಂದು ಬೇಕೇ

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವನು ನನ್ನ ತಮ್ಮ, ಪ್ರಿಂಟ್ ಹಾಕುವವಳು ನಾನು, ಇಬ್ಬರನ್ನೂ ಬೈಯುವವರು ಅಪ್ಪ. ಈ ಏರ್ಪಾಡು ಚೆನ್ನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ತಮ್ಮನ ತಲೆಗೆ ಹೊಸ ಕ್ಯಾಮೆರಾದ ಹುಳ ಹೊಕ್ಕ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು.

ನಮ್ಮ ಹತ್ತಿರ ಇರುವುದು ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಕ್ಯಾಮೆರಾ. ಅವನಿಗೆ ಬೇಕಾಗಿದ್ದು ಅರವತ್ತೊಂದರದ್ದು. ಅದೂ ಫುಲ್ ಫ್ರೇಮೇ, ಒಳಗಿನ ಸೆನ್ಸರಿನ ಅಳತೆ ಒಂದೇ, ಅದಕ್ಕೂ ಅದೇ ಲೆನ್ಸುಗಳೇ, ಚಿತ್ರ ಮೂಡಿಸುವ ಚುಕ್ಕೆಗಳು ಮಾತ್ರ ಜಾಸ್ತಿ. ಆ ಚುಕ್ಕೆಗಳ ಧ್ಯಾನದಲ್ಲಿ ಅವನು ತಟ್ಟೆಯಲ್ಲಿ ಏನಿದೆ ಎಂದೂ ನೋಡದೆ ಊಟ ಮುಗಿಸುತ್ತಿದ್ದ.

"ಅಕ್ಕಾ, ಎರಡೂವರೆ ಪಟ್ಟು ಜಾಸ್ತಿ ಕಣೇ!"

"ಅದು ಒಟ್ಟು ಲೆಕ್ಕಕ್ಕೆ. ಪ್ರಿಂಟಿನ ಅಗಲಕ್ಕೆ ಬಂದ್ರೆ ಒಂದೂವರೆ ಪಟ್ಟು, ಮೇಲೊಂಚೂರು. ಉಳಿದಿದ್ದೆಲ್ಲ ನಿನ್ನ ಬಡಾಯಿ. ಆ ದಪ್ಪ ದಪ್ಪ ಫೈಲ್‌ಗಳನ್ನ ತೆಗೆಯೋಕೆ ನನ್ನ ಕಂಪ್ಯೂಟರ್ ಏದುಸಿರು ಬಿಡುತ್ತಲ್ಲ, ಆಗ ನೀನು ಬಂದು ಗಾಳಿ ಹಾಕ್ತೀಯಾ?"

ನನಗೆ ಸ್ವಲ್ಪ ಮೂಗಿನ ತುದಿಯಲ್ಲೇ ಕೋಪ. ಮುಚ್ಚಿಡುವುದೇಕೆ? ಹದಿನೈದು ವರ್ಷದಿಂದ ಪ್ರಿಂಟ್ ಹಾಕುತ್ತಿರುವವಳಿಗೆ, ಕ್ಯಾಮೆರಾ ಅಂಗಡಿಯವನು ಹೇಳಿದ್ದನ್ನು ಗಿಣಿಯ ಹಾಗೆ ಒಪ್ಪಿಸುವವನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಗೋಡೆಯಷ್ಟು ದೊಡ್ಡ ಪ್ರಿಂಟನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ, ದೂರ ನಿಂತು ನೋಡುತ್ತಾರೆ. ದೂರದಿಂದ ಇಪ್ಪತ್ನಾಲ್ಕೂ ಅರವತ್ತೊಂದೂ ಒಂದೇ. ಇದು ನನ್ನ ವಾದ. ಅಪ್ಪ ಮಾತ್ರ ಇಬ್ಬರ ಮಾತಿಗೂ ತಲೆಯಾಡಿಸಿ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ "ನೋಡೋಣ" ಎಂದು ಸುಮ್ಮನಾಗುತ್ತಿದ್ದರು.

ನಿಜ ಹೇಳಬೇಕೆಂದರೆ ಆಗ ನನ್ನ ಮನಸ್ಸು ಕ್ಯಾಮೆರಾದ ಮೇಲೆ ಇರಲೂ ಇಲ್ಲ. ಅದು ಅಪ್ಪನ ಮಂಡಿಯ ಮೇಲಿತ್ತು.

ಅಪ್ಪನ ಮಂಡಿಗೆ ಆಪರೇಷನ್ ಆಗಿತ್ತು. ಗಾಯ ಮಾಯ್ದಿತ್ತು, ಹೊಸ ಮಂಡಿ ಸರಿಯಾಗಿ ಕೂತಿತ್ತು, ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದರು. ಆದರೆ ಅಪ್ಪ ನಡೆಯಲು ಒಪ್ಪುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಲೂ ತಮ್ಮನ ಹೆಗಲೇ ಬೇಕು. ಬೆಳಗ್ಗೆ ಎಬ್ಬಿಸಿ ಸ್ಟುಡಿಯೋ ಹಾಲಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದರೆ ಸಂಜೆಯವರೆಗೂ ಅಲ್ಲೇ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ ಮೊದಮೊದಲು ನಗುತ್ತಾ ಹೇಳಿದಳು, ಆಮೇಲೆ ಗದರಿದಳು. ಕೊನೆಗೆ ನನ್ನನ್ನು ಪ್ರಿಂಟ್ ರೂಮಿಗೆ ಕರೆದುಕೊಂಡು ಹೋಗಿ, "ಈಗ ನಡೀದಿದ್ರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ ಮೇಡಂ. ಆಮೇಲೆ ಅವರು ಇಷ್ಟಪಟ್ಟರೂ ಆಗಲ್ಲ," ಎಂದಳು.

ನೋವಿಗೆ ಹೆದರುವ ಮನುಷ್ಯರಲ್ಲ ಅಪ್ಪ. ಅವರಿಗೆ ಇದ್ದದ್ದು ನಾಚಿಕೆ. ಬೀದಿಯ ಆ ತುದಿಯಲ್ಲಿ ಮರದ ಕೆಳಗೆ ಒಂದು ಕಲ್ಲುಬೆಂಚು ಇದೆ. ಸಂಜೆಯಾದರೆ ಅಲ್ಲಿ ಇವರ ದಂಡು ಸೇರುತ್ತಿತ್ತು. ಅದರಲ್ಲಿ ಮುಖ್ಯವಾದವರು ಟೇಲರ್ ಮಾಮ, ಅಪ್ಪನ ಹಳೆಯ ಗೆಳೆಯ, ಅಷ್ಟೇ ಹಳೆಯ ಎದುರಾಳಿ. ಇವರು ಹೌದೆಂದರೆ ಅವರು ಅಲ್ಲ ಎನ್ನಬೇಕು. ಅಂಥವರ ಮುಂದೆ ವಾಕರ್ ಹಿಡಿದು ತಟ್ಟಾಡಿಕೊಂಡು ಹೋಗುವುದು ಅಪ್ಪನಿಗೆ ಬೇಡವಾಗಿತ್ತು. ನೋಡಲು ಬರುತ್ತೇನೆಂದು ಟೇಲರ್ ಮಾಮ ಹೇಳಿ ಕಳಿಸಿದರೂ "ನಿದ್ದೆ ಮಾಡ್ತಿದಾರೆ ಅಂತ ಹೇಳು" ಎಂದುಬಿಟ್ಟಿದ್ದರು. ಗೋಡೆಗೊರಗಿಸಿದ ವಾಕರಿನ ಮೇಲೆ ಈಗ ನಾವು ಟವೆಲ್ ಒಣಗಿಸುತ್ತಿದ್ದೆವು.

ಹೀಗಿರುವಾಗ ತಮ್ಮ ಒಂದು ಮಧ್ಯಾಹ್ನ ಮುಖ ಅರಳಿಸಿಕೊಂಡು ಬಂದ. ಅಂಗಡಿಯವನನ್ನು ಕಾಡಿ ಬೇಡಿ ಆ ಕ್ಯಾಮೆರಾವನ್ನು ಎರಡು ದಿನಕ್ಕೆ, ಪರೀಕ್ಷೆ ಮಾಡಿ ನೋಡಲೆಂದು ತಂದಿದ್ದ.

"ಸರಿ," ಎಂದೆ ನಾನು. "ಇವತ್ತೇ ತೀರ್ಮಾನ ಆಗ್ಲಿ. ಒಂದೇ ಲೆನ್ಸು, ಒಂದೇ ಸ್ಟ್ಯಾಂಡು, ಒಂದೇ ಜಾಗ. ಎರಡರಲ್ಲೂ ತೆಗಿ. ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ಹಾಕ್ತೀನಿ. ಯಾವುದು ಯಾವುದು ಅಂತ ಅಪ್ಪ ಹೇಳ್ಲಿ."

ಅಪ್ಪನ ಕಿವಿ ನೆಟ್ಟಗಾಯಿತು. ತೀರ್ಪು ಕೊಡುವ ಕೆಲಸವೆಂದರೆ ಅವರಿಗೆ ಪಂಚಪ್ರಾಣ. "ಮುಖ ತೆಗೀಬೇಡಿ, ಮುಖ ಮೋಸ ಮಾಡುತ್ತೆ," ಎಂದರು. "ತಾರಸಿಯಿಂದ ಬೀದಿ ತೆಗೀರಿ. ಇಡೀ ಬೀದಿ."

ಸಂಜೆಯ ಬೆಳಕಿನಲ್ಲಿ ತಮ್ಮ ತಾರಸಿಯ ಮೂಲೆಯಲ್ಲಿ ಸ್ಟ್ಯಾಂಡು ಊರಿ ಎರಡೂ ಕ್ಯಾಮೆರಾದಲ್ಲಿ ಬೀದಿಯನ್ನು ತೆಗೆದ. ಪಕ್ಕದಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲು ನಿಂತಿದ್ದೆ. ಅವನು ನನ್ನ ತಮ್ಮನೇ ಆದರೂ ಗೆಲ್ಲುವ ಆಸೆಗೆ ಏನಾದರೂ ಕಿತಾಪತಿ ಮಾಡುವವನೇ.

ಮರುದಿನ ಮಧ್ಯಾಹ್ನದ ಮೇಲೆ ಪ್ರಿಂಟ್ ಹಾಕಿದೆ. ದೊಡ್ಡ ಫೈಲು ತೆರೆಯುವಷ್ಟರಲ್ಲಿ ನಾನು ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದೆ. ಬಾಗಿಲು ಮಲಗಿಸಿದಷ್ಟು ಅಗಲದ ಎರಡು ಚಿತ್ರಗಳು ಹೊರಬಂದವು. ಇವನ್ನು ಎಲ್ಲಿ ಹಾಕಬೇಕು ಎಂಬುದರಲ್ಲೇ ಇತ್ತು ನನ್ನ ಜಾಣತನ. ಚಿತ್ರದ ಮೂಲೆಯಿಂದ ಮೂಲೆಗೆ ಎಷ್ಟು ಉದ್ದವೋ ಅದರ ಒಂದೂವರೆಯಷ್ಟು ದೂರ ನಿಂತು ನೋಡಬೇಕು, ಇದು ಅಪ್ಪನೇ ನನಗೆ ಕಲಿಸಿಕೊಟ್ಟ ಕ್ರಮ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಹಾಲಿನ ಆ ಕೊನೆಯ ಗೋಡೆಯವರೆಗೂ ಹೋಗಿ, ಬಣ್ಣದ ಪರದೆಗಳನ್ನೆಲ್ಲ ಸರಿಸಿ, ಅಲ್ಲಿ ಎರಡನ್ನೂ ಅಕ್ಕಪಕ್ಕ ಅಂಟುಪಟ್ಟಿ ಹಚ್ಚಿ ಮೆತ್ತಿದೆ. ಅಪ್ಪನ ಕುರ್ಚಿ ಈ ಕೊನೆಯಲ್ಲಿ, ಬೀದಿ ಆ ಕೊನೆಯಲ್ಲಿ. ಗೆಲ್ಲಲೇಬೇಕೆಂಬ ಹಟಕ್ಕೆ ಮಾಡಿದ್ದು, ಬೇರೆ ಯಾವ ಉದ್ದೇಶವೂ ನನಗಿರಲಿಲ್ಲ.

"ಇದು ಅನ್ಯಾಯ!" ತಮ್ಮ ಕೂಗಾಡಿದ. "ಅಷ್ಟು ದೂರ ಹಾಕಿದ್ರೆ ಯಾರಿಗೆ ಏನು ಗೊತ್ತಾಗುತ್ತೆ?"

"ಅದನ್ನೇ ಅಲ್ವೇನೋ ನಾನೂ ಹೇಳ್ತಿರೋದು?"

ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ, "ಎರಡೂ ಒಂದೇ," ಎಂದರು.

ನಾನು ಅಲ್ಲೇ ಒಂದು ಸುತ್ತು ಕುಣಿದೆ. ನಲವತ್ತು ದಾಟಿದವಳು ಹಾಗೆಲ್ಲ ಕುಣಿಯಬಾರದು, ಆದರೂ ಕುಣಿದೆ. ತಮ್ಮನ ಮುಖ ಸಪ್ಪಗಾಯಿತು. ಅವನು ಹೊಸ ಕ್ಯಾಮೆರಾವನ್ನು ಅದರ ಚೀಲದೊಳಗೆ ಇಡತೊಡಗಿದ. ಅದನ್ನು ಕಂಡು ನನಗೆ ಅಯ್ಯೋ ಪಾಪ ಎನಿಸಿತು.

"ಏ, ತಡಿ," ಎಂದರು ಅಪ್ಪ. ಅವರ ಹುಬ್ಬು ಗಂಟಿಕ್ಕಿತ್ತು. "ಅಲ್ಲಿ ಬೆಂಚಿನ ಮೇಲೆ, ಮರಕ್ಕೆ ಒರಗಿಕೊಂಡು, ಯಾರೋ ಕೂತಿದಾರಲ್ಲ."

"ಯಾರೋ ಇರಬೇಕು ಅಪ್ಪಾ."

"ಯಾರೋ ಅಂದ್ರೆ? ಅದು ನನ್ನ ಜಾಗ."

"ಬಿಡಿ ಅಪ್ಪಾ, ಖಾಲಿ ಇತ್ತು, ಕೂತಿರ್ತಾರೆ."

"ಅದು ಹೇಗೆ ಕೂರ್ತಾರೆ? ಆ ಮರಕ್ಕೆ ಬೆನ್ನು ಕೊಟ್ಟು ಕೂರೋನು ನಾನೊಬ್ಬನೇ. ಎಲ್ಲರಿಗೂ ಗೊತ್ತು. ಅದನ್ನ ಕಿತ್ತು ಇಲ್ಲಿಗೆ ತಗೊಂಬಾ, ಯಾರೂಂತ ನೋಡ್ತೀನಿ."

ನಾನು ತರಲು ಹೊರಟೆ. ತಮ್ಮ ಪಕ್ಕಕ್ಕೆ ಬಂದು ನನ್ನ ಕಾಲನ್ನು ಬಲವಾಗಿ ತುಳಿದ. ಯಾಕೋ ಎಂದು ಗದರಲು ತಿರುಗಿದರೆ, ಅವನು ನನ್ನನ್ನು ನೋಡುತ್ತಿರಲಿಲ್ಲ. ಅಪ್ಪನ ಎರಡೂ ಅಂಗೈಗಳು ಕುರ್ಚಿಯ ಕೈಗಳ ಮೇಲೆ ಊರಿದ್ದವು. ನನಗೂ ಆಗ ಹೊಳೆಯಿತು.

"ಕೀಳೋಕಾಗಲ್ಲ ಅಪ್ಪಾ," ಎಂದೆ. "ಗಟ್ಟಿ ಅಂಟು ಹಾಕಿದೀನಿ. ಎಳೆದ್ರೆ ಹರಿದೇ ಹೋಗುತ್ತೆ." ಬೆರಳಲ್ಲಿ ಎಳೆದರೆ ಬರುವಂಥ ಅಂಟುಪಟ್ಟಿ ಅದು.

"ನಿಮಗೊಂದು ಕೆಲಸ ನೆಟ್ಟಗೆ ಬರಲ್ಲ," ಎಂದು ಗೊಣಗುತ್ತಾ ಅಪ್ಪ ಎದ್ದರು. ಹೌದು, ಎದ್ದರು! ತಮ್ಮ ವಾಕರಿನ ಮೇಲಿದ್ದ ಟವೆಲ್ ಕಿತ್ತೆಸೆದು, ಅದನ್ನು ಸದ್ದಿಲ್ಲದೆ ಅವರ ಮುಂದೆ ತಳ್ಳಿದ. ಅಪ್ಪ ನೋಡದೆಯೇ ಹಿಡಿದುಕೊಂಡರು. ಕಣ್ಣೆಲ್ಲ ಬೆಂಚಿನ ಮೇಲೆಯೇ. ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಗೋಡೆಯನ್ನು ಅಷ್ಟು ದೂರದಲ್ಲಿ ಕಟ್ಟಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮೊದಲು ಸಿಕ್ಕಿದ್ದು ಎಡಗಡೆಯ ಚಿತ್ರ, ನಮ್ಮ ಇಪ್ಪತ್ನಾಲ್ಕರದ್ದು. ಅಪ್ಪ ಅದಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದರು. "ಏನೂ ತಿಳೀತಿಲ್ಲ. ಮುಖ ಕಲಸಿಹೋಗಿದೆ. ಕುತ್ತಿಗೆ ಹತ್ರ ಏನೋ ಹಳದಿ ಇದೆ. ಮಫ್ಲರ್ರೋ ಏನೋ."

ಮೆಲ್ಲನೆ ಬಲಗಡೆಗೆ ಸರಿದರು. ಬಗ್ಗಿದರು.

"ಅಳತೆ ಟೇಪು!" ಅಪ್ಪ ಗುಡುಗಿದರು. "ಕನ್ನಡಕ ಹಣೆ ಮೇಲೆ! ಇವನೇ, ಕಳ್ಳ ಟೇಲರ್! ನನ್ನ ಜಾಗದಲ್ಲಿ, ನನ್ನ ಮರಕ್ಕೆ ಒರಗಿಕೊಂಡು, ಕಾಲು ಮೇಲೆ ಕಾಲು ಬೇರೆ ಹಾಕಿದಾನೆ!"

ತಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಾನು ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡೆ.

"ಹಲ್ಲು ಕಿರೀಬೇಡಿ. ಗಂಟೆ ಎಷ್ಟಾಯ್ತು? ಈಗಲೂ ಅಲ್ಲೇ ಕೂತಿರ್ತಾನೆ. ನನ್ನ ಚಪ್ಪಲಿ ಎಲ್ಲಿ?"

ಚಪ್ಪಲಿ ಎಲ್ಲಿತ್ತೆಂದು ಯಾರಿಗೂ ನೆನಪಿರಲಿಲ್ಲ. ಹುಡುಕಿ, ಧೂಳು ಕೊಡವಿ, ನಾನೇ ಅವರ ಕಾಲಿಗೆ ಹಾಕಿದೆ. ಜೊತೆಗೆ ಬರುತ್ತೇವೆಂದರೆ ಕಣ್ಣು ಕೆಂಪಗೆ ಮಾಡಿದರು. ಬಾಗಿಲ ಹತ್ತಿರ ತಮ್ಮ ತಡೆಯಲಾರದೆ ಕೇಳಿಯೇಬಿಟ್ಟ. "ಅಪ್ಪಾ, ಮತ್ತೆ ಕ್ಯಾಮೆರಾ ವಿಷಯ?"

"ಕುರ್ಚೀಲಿ ಕೂತು ನೋಡೋನಿಗೆ ನಿಮ್ಮಕ್ಕ ಹೇಳಿದ್ದೇ ಸರಿ. ಎದ್ದು ಹೋಗಿ ನೋಡೋನಿಗೆ ನೀನು ಹೇಳಿದ್ದು ಸರಿ. ಈಗ ದಾರಿ ಬಿಡು."

ತಮ್ಮ ಹೊಸ ಕ್ಯಾಮೆರಾವನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡ, ಇಬ್ಬರೂ ದಡಬಡನೆ ತಾರಸಿಗೆ ಓಡಿದೆವು. ಬೀದಿಯಲ್ಲಿ ಅಪ್ಪ ಹೋಗುತ್ತಿದ್ದರು, ವಾಕರ್ ಎತ್ತಿಡುತ್ತಾ, ನಿಲ್ಲುತ್ತಾ, ಮತ್ತೆ ಎತ್ತಿಡುತ್ತಾ. ಸೈಕಲ್ಲಿನವನೊಬ್ಬ ಬದಿಗೆ ಸರಿದು ದಾರಿ ಕೊಟ್ಟ. ನಡುವೆ ಒಮ್ಮೆ ಅಪ್ಪ ಒಂದು ಗೋಡೆಗೆ ಕೈಕೊಟ್ಟು ಬಹಳ ಹೊತ್ತು ನಿಂತರು. ತಮ್ಮ ಕೆಳಗಿಳಿಯಲು ಹೊರಟ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಅಪ್ಪ ಮತ್ತೆ ಹೊರಟರು.

"ತಗೊಳೋ ಅದನ್ನ," ಎಂದೆ.

"ಏನನ್ನ?"

"ಕ್ಯಾಮೆರಾ. ನನಗೆ ಒಳ್ಳೆ ಕಂಪ್ಯೂಟರ್ ಕೊಡಿಸಿದ ಮೇಲೆ."

ಅವನು ಬೀದಿಯ ತುದಿಗೆ ಕೈ ತೋರಿಸಿದ. ಅಪ್ಪ ಬೆಂಚು ಮುಟ್ಟಿದ್ದರು. ಟೇಲರ್ ಮಾಮ ದಿಗ್ಗನೆ ಎದ್ದು ನಿಂತಿದ್ದು ಇಷ್ಟು ದೂರಕ್ಕೂ ಕಂಡಿತು. ಉಳಿದವರೂ ಎದ್ದರು. ಟೇಲರ್ ಮಾಮ ಹೆಗಲ ಮೇಲಿನ ಬಟ್ಟೆಯಿಂದ ಆ ಜಾಗವನ್ನು ಒರೆಸಿ, ಕೂತುಕೋ ಎಂದು ಎರಡೂ ಕೈಯಲ್ಲಿ ತೋರಿಸುತ್ತಿದ್ದರು. ಆದರೆ ಅಪ್ಪನಿಗೆ ಬೈಯುವುದು ಬಹಳ ಇತ್ತು. ಬೈಯಲು ಅವರಿಗೆ ಎರಡೂ ಕೈ ಬೇಕು. ವಾಕರನ್ನು ಪಕ್ಕಕ್ಕೆ ಸರಿಸಿದರು. ಒಂದು ಕೈಯಿಂದ ಬೆಂಚು ತೋರಿಸಿ, ಇನ್ನೊಂದರಿಂದ ಮರ ತೋರಿಸಿ, ಆಮೇಲೆ ಎರಡನ್ನೂ ಮೇಲೆತ್ತಿ ಬೈದರು.

"ಅಕ್ಕಾ," ತಮ್ಮ ನನ್ನ ತೋಳು ಜಗ್ಗಿದ. "ಅಪ್ಪ ಏನೂ ಹಿಡ್ಕೊಂಡಿಲ್ಲ ಕಣೇ."

ಹೊಸ ಕ್ಯಾಮೆರಾ ಅವನ ಕುತ್ತಿಗೆಯಲ್ಲೇ ಇತ್ತು. ಫೋಟೋ ತೆಗೆಯುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಅಳುತ್ತಾ ನಗುತ್ತಾ ತಾರಸಿಯ ಕಟ್ಟೆ ಹಿಡಿದು ನಿಂತಿದ್ದೆ. ಟೇಲರ್ ಮಾಮ ಮತ್ತೆ ಮತ್ತೆ ಬೆಂಚು ತಟ್ಟಿ ಕರೆಯುತ್ತಿದ್ದರು. ಆ ಜಾಗ ಬಿಡಿಸಿಕೊಳ್ಳಲು ಅಲ್ಲಿಯವರೆಗೆ ಹೋದ ಅಪ್ಪ, ಬೈಯುವ ಭರದಲ್ಲಿ ಕೂರುವುದನ್ನೇ ಮರೆತಿದ್ದರು.