ಪ್ಯಾರಿಬಿಯ ಎಡಗೈ

ಆಳಂದದ ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿಯಲ್ಲಿ ಪ್ಯಾರಿಬಿ ರೊಟ್ಟಿ ಬಡಿಯಲು ಕೂತರೆ, ಅಡತಿ ಅಂಗಡಿಗೆ ತೊಗರಿ ಮಾರಲು ತಂದವರೆಲ್ಲ ಊಟಕ್ಕೆ ಅಲ್ಲಿಗೇ ಬರುತ್ತಿದ್ದರು. ಮೂತ್ರಪಿಂಡಗಳು ಕೈಕೊಟ್ಟ ಮೇಲೂ ಅವಳು ಒಲೆ ಬಿಡಲಿಲ್ಲ. ಡಯಾಲಿಸಿಸ್ ಇದ್ದ ದಿನ ಗಂಡ ಹುಸೇನಪೀರ ಅವಳನ್ನು ಕಲಬುರಗಿಗೆ ಕರೆದೊಯ್ಯುತ್ತಿದ್ದ. ಉಳಿದ ದಿನ ಅವಳು ಡಯಾಲಿಸಿಸ್‌ಗೆಂದು ಕುತ್ತಿಗೆಯ ಬುಡದಲ್ಲಿ ಕೂರಿಸಿದ ನಳಿಗೆಯ ಮೇಲೆ ಸೆರಗು ಹೊದ್ದು ಹಿಟ್ಟು ನಾದುತ್ತಿದ್ದಳು.

"ಈ ನಳಿಗಿ ಬಹಳ ದಿನ ಇಡೋದಲ್ಲಮ್ಮ, ನಂಜಾಗತದ," ಎಂದು ಕಲಬುರಗಿ ಆಸ್ಪತ್ರೆಯ ಡಾಕ್ಟರ್ ಅಮಿತಾ ಮೊದಲೇ ಹೇಳಿದ್ದರು. "ಎಡಗೈಯಾಗ ಸಣ್ಣ ಆಪರೇಷನ್ ಮಾಡಿ ರಕ್ತದ ನರ ಜೋಡಸ್ತೀವಿ. ಆಮ್ಯಾಲ ಡಯಾಲಿಸಿಸ್ ಸೂಜಿ ಅಲ್ಲೇ ಚುಚ್ಚತೀವಿ, ನಳಿಗಿ ಬೇಕಾಗಂಗಿಲ್ಲ."

"ಆ ಕೈಲೆ ರೊಟ್ಟಿ ಬಡೀಬಹುದೇನ್ರಿ?"

"ಒಂದೆರಡು ತಿಂಗಳು ಭಾರ ಹಾಕಬಾರದು."

"ತೊಗರಿ ಸುಗ್ಗಿ ಮುಗೀಲಿ ತಗೋರಿ."

ಸುಗ್ಗಿ ಮುಗಿಯಿತು, ಮದುವೆ ಮನೆಗಳ ರೊಟ್ಟಿ ಆರ್ಡರು ಬಂದವು, ಆಪರೇಷನ್ ಮುಂದಕ್ಕೇ ಹೋಯಿತು. ಹುಸೇನಪೀರ ರೇಗಿದರೆ, "ಅಲ್ಲೀತನಕ ನೀವು ಬಡೀತೀರೇನು? ನಿಮ್ಮ ರೊಟ್ಟಿ ತಿಂದ್ರ ಗಿರಾಕಿ ನರೋಣಾ ಊರು ದಾಟಿ ಓಡತಾರ," ಎಂದು ನಗಿಸಿ ಬಾಯಿ ಮುಚ್ಚಿಸುವಳು. ನಕ್ಕು ಸುಮ್ಮನಾಗುವುದು ಅವನಿಗೂ ಸುಲಭವಾಗಿತ್ತು.

ಒಲೆಯ ಮುಂದೆ ಬೆವರಿ ನಳಿಗೆಯ ಪಟ್ಟಿ ಸಡಿಲಾದರೆ ಅವಳೇ ಒತ್ತಿ ಅಂಟಿಸಿಕೊಳ್ಳುತ್ತಿದ್ದಳು. ಮಳೆ ಹಿಡಿದಾಗ ಚಳಿಜ್ವರ ಶುರುವಾಯಿತು. ನಡುಗುತ್ತಿದ್ದರೂ ಅದು ಡಯಾಲಿಸಿಸ್ ಮಷೀನಿನ ತಂಪು ಎಂದು ಕಂಬಳಿ ಕೇಳುವಳು. ಕೊನೆಗೆ ಉಸಿರು ಸಾಲದೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಸಿದಳು.

"ನಳಿಗಿ ಹಿಡಿದು ನಂಜು ಹೃದಯಕ್ಕ ಇಳದದ," ಎಂದರು ಅಮಿತಾ, ಎದೆಯ ಸ್ಕ್ಯಾನ್ ನೋಡಿ. "ಒಳಗಿನ ಕವಾಟದ ಮ್ಯಾಲ ಕೂತದ. ಈ ನಳಿಗಿ ಇವತ್ತೇ ತೆಗೀತೀವಿ."

ಪ್ಯಾರಿಬಿ ಎಡಗೈ ಎತ್ತಿ ಚಾಚಿದಳು. "ಈಗ ಕೊಡ್ತೇನಿ, ತಗೋರಿ ಡಾಕ್ಟರಮ್ಮ. ರೊಟ್ಟಿ ಯಾರರ ಬಡೀಲಿ."

ಅಮಿತಾ ಆ ಕೈ ಹಿಡಿದುಕೊಂಡರು. "ರಕ್ತದಾಗ ನಂಜಿದ್ದಾಗ ಮಾಡಾಕ ಬರಂಗಿಲ್ಲಮ್ಮ. ಮೊದಲು ಜ್ವರ ಇಳೀಲಿ."

ಜ್ವರ ಇಳಿಯಲಿಲ್ಲ. ಇಂಜೆಕ್ಷನ್ ಬದಲಿಸಿದರು. ಕವಾಟ ಸರಿಪಡಿಸಲು ಬೇಕಾದ ಎದೆಯ ಆಪರೇಷನ್ ತಡೆದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿಲ್ಲವೆಂದರು. "ಮಗಳ್ನ ಕರಸ್ರಿ," ಎಂದು ಅಮಿತಾ ಹೇಳಿದಾಗ ಹುಸೇನಪೀರ ವಾರ್ಡಿನ ಹೊರಗೆ ಬಂದು ಜೇವರ್ಗಿಯಲ್ಲಿದ್ದ ಮಗಳಿಗೆ ಫೋನ್ ಹಚ್ಚಿದ.

"ಅಬ್ಬಾ, ಅಮ್ಮೀ ಹ್ಯಾಂಗದಾಳ?" ಎಂದಳು ಜೀನತ.

"ನಿನ್ನ ನೆನಸಾಕತ್ತಾಳ, ಬೇಟಾ."

"ಮಕ್ಕಳ ಪರೀಕ್ಷಾ ನಡದಾವ. ಐತವಾರ ಬಂದ್ರ ನಡೀತದೇನು?"

ಅವನು ವಾರ್ಡಿನ ಬಾಗಿಲ ಕಡೆ ನೋಡಿದ. "ಇಲ್ಲ," ಎಂದ.

ಆ ಕಡೆ ಮಗಳು ಅಳುವುದು ಕೇಳಿಸಿತು. ಅವನು ಫೋನನ್ನು ಕಿವಿಯಿಂದ ತೆಗೆಯದೆ, ಗೋಡೆಗೆ ಒರಗಿ ನಿಂತೇ ಇದ್ದ.